ಬೀಗರ ಗಾಡಿಗೊಂದು ಜಾಗ

ನಮ್ಮ ಎದುರು ಮನೆಯ ಹುಡುಗಿ ಓದು ಮುಗಿಸಿ ಪುರಸಭೆಯಲ್ಲಿ ಎಂಜಿನಿಯರಾಗಿ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಸಿಹಿ ಕೊಡಲು ಬಂದವಳು ಅಂಗಡಿ ಬೀದಿಯಲ್ಲಿ ಸ್ಕೂಟರು ನಿಲ್ಲಿಸಲು ಪಟ್ಟ ಪಾಡನ್ನೆಲ್ಲ ಹೇಳಿ, “ನಿಮ್ಮ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ ಬಿಡಿ ತಾತ” ಎಂದಳು. ನಾನು ನಕ್ಕೆ. ಅವಳು ಹೋದ ಮೇಲೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಸ್ಕೂಟರು ಇರಲಿಲ್ಲ, ನಿಜ. ಎತ್ತುಗಳಿದ್ದವು. ಎತ್ತು ಕಟ್ಟಿದ ಗಾಡಿ ಸ್ಕೂಟರಿಗಿಂತ ಬಹಳ ಉದ್ದ. ಅದು ನಿಂತಲ್ಲೇ ಹುಲ್ಲು ಮೇಯುತ್ತದೆ, ಸಗಣಿ ಹಾಕುತ್ತದೆ, ಮನಸ್ಸು ಬಂದರೆ ಪಕ್ಕದ ಗಾಡಿಯ ಎತ್ತನ್ನು ಹಾಯುತ್ತದೆ. ಅವಳಿಗೆ ಆಗ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರೂ ಓದಿಕೊಳ್ಳಲಿ.

ನಾನು ಓವರ್ಸಿಯರ್ ಆಗಿದ್ದವನು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕು ಊರುಗಳ ಚರಂಡಿ, ಮೋರಿ, ಬೀದಿದೀಪಗಳ ನಡುವೆ ನನ್ನ ಆಯುಷ್ಯದ ಒಳ್ಳೆಯ ಭಾಗ ಕಳೆಯಿತು. ಬಡ್ತಿ ಯಾವಾಗ ಬಂತು, ಸಂಬಳ ಎಷ್ಟಿತ್ತು ಎನ್ನುವುದು ಈಗ ನನಗೇ ಬೇಡವಾಗಿದೆ. ಆದರೆ ಶಿಡ್ಲಘಟ್ಟದ ಕಲ್ಲುಬಾವಿ ಬೀದಿ ಬೇಕು. ಈಗಲೂ ಒಮ್ಮೊಮ್ಮೆ ರೇಷ್ಮೆಗೂಡು ಬೇಯಿಸುವ ಆ ವಾಸನೆ ಎಲ್ಲಿಂದಲೋ ಮೂಗಿಗೆ ಬಂದಂತಾಗಿ ಕುಳಿತಲ್ಲೇ ತಿರುಗಿ ನೋಡುತ್ತೇನೆ. ಹೊಸಬರಿಗೆ ಅದು ತಡೆಯಲಾಗದ ನಾತ. ನನಗೆ ಅದು ಇಪ್ಪತ್ತೇಳು ವರ್ಷದ ವಯಸ್ಸಿನ ವಾಸನೆ.

ಬೀದಿಯ ಎರಡೂ ಬದಿ ಚರಕದ ಮನೆಗಳು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ನೂಲಿನ ಎಳೆ ಹಿಡಿದು ಚರಕಕ್ಕೆ ಸುತ್ತುವುದು ಅವರ ಕಸುಬು. ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಮಾತು ಕನ್ನಡ, ತೆಲುಗು, ಉರ್ದು ಎಲ್ಲ ಕಲಸಿಕೊಂಡಿರುತ್ತಿತ್ತು. ಸಂತೆಯ ದಿನ ಬಂದರೆ ಹಳ್ಳಿಗಳಿಂದ ಗೂಡಿನ ಗಾಡಿ, ಸೌದೆ ಗಾಡಿಗಳೆಲ್ಲ ಈ ಬೀದಿಗೇ ನುಗ್ಗುತ್ತಿದ್ದವು. ಯಾರ ಬಾಗಿಲಾದರೂ ಸರಿ, ನೊಗ ಕಟ್ಟುವ ಉದ್ದನೆಯ ಮರ, ಆ ಮೂಕಿಯನ್ನು ಇಳಿಸಿ, ಎತ್ತು ಬಿಚ್ಚಿ, ಗಾಡಿಯ ಚಕ್ರಕ್ಕೇ ಕಟ್ಟಿ ಸಂತೆಗೆ ಹೊರಟರೆ ಮತ್ತೆ ಬರುವುದು ಹೊತ್ತಿಳಿದ ಮೇಲೆ. ಮನೆಯವರ ಸ್ವಂತ ಗಾಡಿಗೇ ಬೀದಿಯಲ್ಲಿ ಎಡೆ ಇರುತ್ತಿರಲಿಲ್ಲ. ಒಂದು ಸಂತೆಯ ದಿನ ಹೆರಿಗೆ ನೋವು ಬಂದ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ಯಲು ಜಟಕಾ ಒಳಗೆ ಬರಲಾಗದೆ, ಮಗು ಸೌದೆ ಗಾಡಿಯ ಮರೆಯಲ್ಲೇ ಹುಟ್ಟಿತು. ತಾಯಿ ಮಗು ಚೆನ್ನಾಗಿದ್ದರು. ಆದರೆ ಮರುದಿನ ಇಡೀ ಬೀದಿ ಪುರಸಭೆಯ ಬಾಗಿಲಲ್ಲಿ ನಿಂತಿತ್ತು.

ಆಗ ಚೀಫ್ ಆಫೀಸರ್ ಆಗಿದ್ದವರು ಮೈಸೂರು ಕಡೆಯವರು. ಇಸ್ತ್ರಿ ಮಾಡಿದ ಅಂಗಿ, ನೇರ ಬೈತಲೆ. ಎಲ್ಲವೂ ಗೆರೆಯ ಮೇಲೆ ಇರಬೇಕು. ಅವರೇ ಒಂದು ಏರ್ಪಾಟು ಯೋಚಿಸಿದರು. ಬೀದಿಯಲ್ಲಿ ವಾಸವಿದ್ದು ಸ್ವಂತ ಗಾಡಿ ಇರುವ ಪ್ರತಿ ಮನೆಗೂ ಒಂದು ತಗಡಿನ ಬಿಲ್ಲೆ. ಅದನ್ನು ಗಾಡಿಯ ಮೂಕಿಗೆ ಹೊಡೆಯಬೇಕು. ಬಿಲ್ಲೆ ಇದ್ದ ಗಾಡಿ ತನ್ನ ಮನೆಯ ಮುಂದೆ ನಿಲ್ಲಬಹುದು. ಬಿಲ್ಲೆ ಇಲ್ಲದ ಗಾಡಿಗಳೆಲ್ಲ ಕೆರೆ ಏರಿಯ ಪಕ್ಕದ ಬಯಲಿಗೆ ಹೋಗಬೇಕು. ಇದನ್ನು ನಡೆಸುವ ಹೊಣೆ ನನ್ನದು.

ಸಾಹೇಬರ ಅಪ್ಪಣೆಯಂತೆ ಮೊದಲ ಕೆಲಸ, ಪ್ರತಿ ಮನೆಯ ಮುಂದೆ ಸುಣ್ಣದ ಗೆರೆ. ಒಂದು ದಿನ ಪೂರ್ತಿ ಹಗ್ಗ ಹಿಡಿದು ಗೆರೆ ಹಾಕಿಸಿದೆ. ಸಾಹೇಬರು ಬಂದು ನೋಡಿ ಸಂತೋಷಪಟ್ಟರು. ಮರುದಿನ ಬೆಳಿಗ್ಗೆ ಹೋದರೆ ಒಂದು ಗೆರೆಯೂ ಇಲ್ಲ. ಹೆಂಗಸರು ಎಂದಿನಂತೆ ಎದ್ದು ಬಾಗಿಲಿಗೆ ಸಗಣಿ ನೀರು ಹಾಕಿ ಸಾರಿಸಿ ರಂಗೋಲಿ ಇಟ್ಟಿದ್ದರು. ಸಾಹೇಬರು ಕೆಂಡವಾದರು. “ಸರ್ಕಾರಿ ಗೆರೆ ಅಳಿಸಿದ್ದೀರಲ್ಲ!” ಎಂದು ಒಬ್ಬಾಕೆಯನ್ನು ಕೇಳಿಯೇಬಿಟ್ಟರು.

ಆಕೆ ಪೊರಕೆ ಕೆಳಗಿಟ್ಟು, “ಗೆರೆ ಇದೆ ಅಂತ ಬಾಗಿಲು ಸಾರಿಸದೆ ಬಿಡೋಕಾಗುತ್ತೇನಪ್ಪ? ಬೇಕಾದ್ರೆ ಹೇಳು, ನಿಮ್ಮ ಗೆರೇನೂ ರಂಗೋಲಿಪುಡೀಲಿ ನಾವೇ ದಿನಾ ಎಳೀತೀವಿ” ಎಂದರು.

ಗೆರೆ ಬಿಟ್ಟು ಮೂಲೆಗೊಂದು ಗುಂಡುಕಲ್ಲು ಹೂಳಿಸಿದೆವು.

ಹಾಗೆ ಪೊರಕೆ ಕೆಳಗಿಟ್ಟು ಮಾತಾಡಿದಾಕೆ ಅಶ್ವತ್ಥಮ್ಮ. ಗಂಡ ತೀರಿಕೊಂಡು ಹಲವು ವರ್ಷವಾಗಿತ್ತು. ಮನೆಯ ಹಿಂದಿನ ಚಪ್ಪರದಲ್ಲಿ ಚರಕ ಹಾಕಿಕೊಂಡು, ಕೆಲಸಕ್ಕೆ ಬರುವ ಹೆಂಗಸರನ್ನಿಟ್ಟುಕೊಂಡು ತಾನೇ ನಡೆಸುತ್ತಿದ್ದರು. ಅವರ ಎದುರು ಮನೆ ಖಾದರ್ ಸಾಬರದು. ಅವರದೂ ಚರಕವೇ. ಬೀದಿಯಲ್ಲಿ ಏನೇ ಆಗಲಿ ಅವರ ಜಗಲಿಯಲ್ಲೇ ಆಗಬೇಕು. ಬಿಲ್ಲೆ ಹಂಚುವುದನ್ನೂ ಅಲ್ಲೇ ಇಟ್ಟುಕೊಂಡೆ.

ಮೊದಲ ತಕರಾರು ಅವರದ್ದೇ. “ಓವರ್ಸೀರ್ ಸಾಮಿ, ಗಾಡಿ ನಂದು. ಎತ್ತು ನನ್ನ ಭಾವಮೈದಂದು. ಅವನು ಹಳ್ಳಿಯೋನು. ನಂಗೆ ಅರ್ಧ ಬಿಲ್ಲೆ ಕೊಡ್ತೀರಾ?”

ಎಲ್ಲರೂ ನಕ್ಕರು. ಪೂರ್ತಿ ಬಿಲ್ಲೆಯನ್ನೇ ಕೊಟ್ಟೆ. ಅಷ್ಟರಲ್ಲಿ ಅಶ್ವತ್ಥಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, “ನಂಗೂ ಒಂದು ಕೊಡಪ್ಪ” ಎಂದರು.

“ನಿಮಗೆ ಗಾಡಿ ಎಲ್ಲಿದೆಯಮ್ಮ?”

“ಗಾಡಿ ಇಲ್ಲ. ಬಾಗಿಲಿದೆ.”

ಮತ್ತೆ ನಗು ಎದ್ದಿತು. ಆದರೆ ಖಾದರ್ ಸಾಬರು ನಗಲಿಲ್ಲ. ಅದನ್ನು ನೋಡಿ ನಾನೂ ನಗು ನಿಲ್ಲಿಸಿದೆ. ಜನ ಚದುರಿದ ಮೇಲೆ ಆಕೆ ನಿಂತೇ ವಿಷಯ ಹೇಳಿದರು.

ಅವರಿಗೆ ಒಬ್ಬಳೇ ಮಗಳು, ರತ್ನ. ಕೈವಾರಕ್ಕೆ ಕೊಟ್ಟಿದ್ದರು. ಮದುವೆಯಾದ ವರ್ಷದ ಗೌರಿ ಹಬ್ಬಕ್ಕೆ ಮಗಳನ್ನು ತವರಿಗೆ ಕರೆತರಬೇಕು. ಹೋಗಿ ಕರೆತರಲು ಗಂಡಸರಿಲ್ಲದ ಮನೆಯೆಂದು ಬೀಗರಾದ ಮುನಿಶಾಮಪ್ಪನವರೇ ದೊಡ್ಡ ಮನಸ್ಸು ಮಾಡಿ, ಗಾಡಿ ಕಟ್ಟಿ ಸೊಸೆಯನ್ನು ಕರೆದುಕೊಂಡು ಬಂದರು. ಬಂದದ್ದು ಸಂತೆಯ ದಿನ. ಅಶ್ವತ್ಥಮ್ಮನ ಬಾಗಿಲಿಗೆ ಅಡ್ಡಲಾಗಿ ಯಾರದೋ ಸೌದೆ ಗಾಡಿಗಳು. ಹಿಂದಿನಿಂದ ಬಂದ ಗಾಡಿಯವರು “ಮುಂದಕ್ಕೆ ಹೊಡಿಯಯ್ಯಾ” ಎಂದು ಕೂಗಾಡುತ್ತಿದ್ದರು. ಇಳಿಯಲು ಎಡೆಯಿಲ್ಲ, ಮನೆಯಿಂದ ಯಾರೂ ಹೊರಗೆ ಬಂದು ಕರೆಯಲಿಲ್ಲ. ಮುನಿಶಾಮಪ್ಪ ಸ್ವಲ್ಪ ಹೊತ್ತು ನೋಡಿ ಗಾಡಿಯನ್ನು ಬಂದ ದಾರಿಗೇ ತಿರುಗಿಸಿಬಿಟ್ಟರು.

“ನಾನು ಹಿಂದ್ಗಡೆ ಬಿಸಿನೀರಲ್ಲಿ ಕೈಯಿಟ್ಕಂಡು ಕೂತಿದ್ನಪ್ಪ. ಚರಕದ ಸದ್ದಲ್ಲಿ ಏನು ಕೇಳುತ್ತೆ? ಯಾರೋ ಬಂದು ಹೇಳಿದ್ಮೇಲೆ ಓಡಿದೆ. ತಿರುವಿನ ಗಂಟ ಓಡಿದೆ. ಬರೀ ಗಾಡಿ, ಬರೀ ಎತ್ತು. ಯಾವುದು ನನ್ನ ಮಗಳ ಗಾಡಿ ಅಂತ ಗೊತ್ತಾಗಲಿಲ್ಲ.”

ಅಂದಿನಿಂದ ರತ್ನನನ್ನು ತವರಿಗೆ ಕಳಿಸಿರಲಿಲ್ಲ. ಆಕೆ ಎರಡು ಸಲ ಕೈವಾರಕ್ಕೆ ಹೋಗಿ ಬಂದಿದ್ದರು. ಕುಡಿಯಲು ನೀರು ಕೊಟ್ಟರು, ಊಟಕ್ಕೂ ಕರೆದರು. ಆದರೆ ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ಜಗಳವಾದೀತೆಂದು ಇವರೂ ಎತ್ತಲಿಲ್ಲ. ‘ನಮ್ಮ ಗಾಡಿ ನಿಲ್ಲೋಕೆ ಜಾಗ ಇಲ್ಲದ ಮನೆಗೆ ಹುಡುಗೀನ ಹೆಂಗೆ ಕಳಿಸೋದು’ ಎಂದು ಬೀಗರು ಹೇಳಿಕೊಂಡು ತಿರುಗುತ್ತಿದ್ದರೆಂದು ಬೇರೆಯವರಿಂದ ಕಿವಿಗೆ ಬಿದ್ದಿತ್ತು.

ನಾನು ಸಾಹೇಬರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡು, “ಪಾಪ ಕಣ್ರೀ. ಆದ್ರೆ ಗಾಡಿ ಇಲ್ದೋರಿಗೆ ಗಾಡಿ ಬಿಲ್ಲೆ ಹೆಂಗ್ರೀ ಕೊಡೋದು? ಇವತ್ತು ಬೀಗರು ಅಂತ ಕೊಟ್ರೆ ನಾಳೆ ಸೌದೆಯೋರೆಲ್ಲ ಬೀಗರಾಗ್ತಾರೆ” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ದಾರಿ ತೋರಿಸಿದವರು ಖಾದರ್ ಸಾಬರು. “ಬೀಗರು ಅಶ್ವತ್ಥಕ್ಕನೊಬ್ಬಳಿಗೇನಾ ಸಾಮಿ ಇರೋದು? ನಂಗೆ ಮೂರು ಜನ ಅಳಿಯಂದಿರು. ಬಂದಾಗೆಲ್ಲ ನನ್ನ ಗಾಡೀನ ಎತ್ತಿ ಎಲ್ಲಿಡಲಿ? ಬೀದಿಗೆಲ್ಲ ಸೇರಿ ಬಂದೋರಿಗೆ ಒಂದು ಜಾಗ ಬಿಡಿ.”

ಜಗಲಿಯಲ್ಲಿ ಸೇರಿದ್ದವರೆಲ್ಲ ಒಪ್ಪಿದರು. ಆದರೆ ಆ ಜಾಗ ಯಾರ ಮನೆಯ ಮುಂದೆ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರವರ ಬೀಗರೆಲ್ಲ ಬಂದು ತನ್ನ ಬಾಗಿಲಲ್ಲಿ ಎತ್ತು ಕಟ್ಟುವುದು ಯಾರಿಗೆ ಬೇಕು? ಹಿಂದೆ ನಿಂತಿದ್ದ ಅಶ್ವತ್ಥಮ್ಮ, “ನಮ್ಮನೆ ಮುಂದೆ ಇರಲಿ. ಸಗಣಿ ನಾನು ಬಾಚ್ತೀನಿ” ಎಂದರು.

ಇದನ್ನು ‘ಅತಿಥಿಗಳ ಗಾಡಿ ನಿಲುಗಡೆ’ ಎಂದು ಬರೆದು ಸಾಹೇಬರ ಮುಂದಿಟ್ಟೆ. ಆ ಹೆಸರು ಅವರಿಗೆ ಬಹಳ ಹಿಡಿಸಿ ತಕ್ಷಣ ಸಹಿ ಹಾಕಿದರು. ಬೀದಿಯವರು ಮಾತ್ರ ಅದನ್ನು ಬೀಗರ ಜಾಗ ಎಂದೇ ಕರೆದರು.

ಏರ್ಪಾಟು ಸುಲಭವಾಗಿ ನಡೆಯಿತೆಂದು ತಿಳಿಯಬೇಡಿ. ಮೊದಲ ಸಂತೆಯ ದಿನ ಬಯಲಿಗೆ ಕಳಿಸಿದ ಗಾಡಿಯವರು ನನ್ನನ್ನು ಸುತ್ತುವರಿದರು. ಒಬ್ಬ ಮುದುಕ ಗಾಡಿಯಿಂದ ಇಳಿಯದೆ, “ಏಂ ಸಾಮೀ, ಎದ್ದುಲಕಿ ನೀಳ್ಳೆಕ್ಕಡ?” ಎಂದು ಕೇಳಿದ. ಎತ್ತಿಗೆ ನೀರೆಲ್ಲಿ ಎಂಬ ಆ ಪ್ರಶ್ನೆಯನ್ನು ನಾವು ಆಫೀಸಿನಲ್ಲಿ ಕುಳಿತು ಯಾರೂ ಕೇಳಿಕೊಂಡಿರಲಿಲ್ಲ. ಬೀದಿಯಲ್ಲಾದರೆ ಯಾವುದಾದರೂ ಮನೆಯವರು ಒಂದು ಕೊಡ ನೀರು ಕೊಡುತ್ತಿದ್ದರು. ಕೆರೆ ಏರಿಯ ಪಕ್ಕವೇ ಬಯಲಿದ್ದರೂ ಬೇಸಿಗೆಯಲ್ಲಿ ಕೆರೆಯ ನೀರು ಬಹಳ ಒಳಕ್ಕೆ ಸರಿದಿರುತ್ತಿತ್ತು. ನೀರಿನ ತೊಟ್ಟಿ ಕಟ್ಟಿಸಿ, ಗೂಡಿಗೆ ಬಿಸಿಲು ತಾಗದಂತೆ ಒಂದು ಚಪ್ಪರ ಹಾಕಿಸಿದ ಮೇಲೆಯೇ ಅವರು ಒಲಿದರು. ಜನರನ್ನು ಒಂದು ಕಡೆಯಿಂದ ಎಬ್ಬಿಸುವ ಮೊದಲು ಹೋಗುವ ಕಡೆ ಏನಿದೆ ಎಂದು ನೋಡಿಕೊಳ್ಳಿ. ಈ ವೃತ್ತಿಯಲ್ಲಿ ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಬೀಗರ ಜಾಗಕ್ಕೆ ಬೀಗರು ಬರತೊಡಗಿದರು. ಖಾದರ್ ಸಾಬರ ಅಳಿಯಂದಿರು, ಮೇಲಿನ ಮನೆಯವರ ಸೊಸೆಯ ತಂದೆ, ಪೆರೇಸಂದ್ರದಿಂದ ಯಾರದೋ ಅತ್ತೆ. ಬರುವವರೆಲ್ಲ ಮೊದಲು ಅಶ್ವತ್ಥಮ್ಮನ ಬಾಗಿಲಲ್ಲಿ ಇಳಿದು, ಆಮೇಲೆ ತಮ್ಮ ಮನೆಗೆ ಹೋಗುತ್ತಿದ್ದರು. ರಂಜಾನ್ ಹಬ್ಬದ ಮುಂಚೆ ನಾನು ಚರಂಡಿ ನೋಡುತ್ತ ಅಲ್ಲೇ ಇದ್ದಾಗ ಒಂದು ಗಾಡಿ ಬಂದು ನಿಂತಿತು. ಅಶ್ವತ್ಥಮ್ಮ ಒಳಗಿನಿಂದ ಓಡಿ ಬಂದರು. ಗಾಡಿಯ ಕಮಾನಿನೊಳಗಿಂದ ಇಳಿದದ್ದು ಖಾದರ್ ಸಾಬರ ಮಗಳು, ಕಂಕುಳಲ್ಲಿ ಕೂಸು. ಆಗ ಅಶ್ವತ್ಥಮ್ಮನ ಮುಖವನ್ನು ನಾನು ನೋಡಿದೆ. ನೋಡಬಾರದಿತ್ತು. ಒಂದು ಉಸಿರಿನಷ್ಟು ಹೊತ್ತು ಅಷ್ಟೇ. ಕೂಡಲೇ ಎರಡೂ ಕೈ ಚಾಚಿ, “ಕೊಡಮ್ಮ ಇಲ್ಲಿ ಕೂಸಿನ. ಎಷ್ಟು ಬಿಸಿಲಲ್ಲಿ ಬಂದಿದೀಯ ನೋಡು. ಒಳಗ್ ಬಾ, ನೀರು ಕುಡ್ದು ಹೋಗುವಂತೆ” ಎಂದರು.

ಎರಡು ಗೌರಿ ಹಬ್ಬ ಹಾಗೆಯೇ ಕಳೆದವು. ನಡುವೆ ಬೀದಿಯ ಒಬ್ಬ ನೂಲಿನ ವ್ಯಾಪಾರಿ ಕಾರು ಕೊಂಡು, ಬೀಗರ ಜಾಗ ತನಗೆ ಬೇಕೆಂದು ಕೇಳಿದ. ಅಷ್ಟು ಹೊತ್ತಿಗೆ ನಮ್ಮ ಸಾಹೇಬರಿಗೇ ಆ ಜಾಗದ ಮೇಲೆ ಅಭಿಮಾನ ಬಂದಿತ್ತು. “ಬಿಲ್ಲೆ ಮೂಕಿಗೆ ಹೊಡೀಬೇಕು ಅಂತ ನಿಯಮ. ನಿಮ್ಮ ಕಾರಿಗೆ ಮೂಕಿ ಎಲ್ಲಿದೆ ತೋರಿಸಿ” ಎಂದು ಕಳಿಸಿಬಿಟ್ಟರು. ಅವರು ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನನಗೆ ಚಿಂತಾಮಣಿಗೆ ವರ್ಗವಾಯಿತು. ಹೇಳಿ ಹೋಗಲು ಬೀದಿಗೆ ಹೋದೆ. ಅಶ್ವತ್ಥಮ್ಮ ಅವರೆಕಾಳು ಹುರಿದದ್ದನ್ನು ಕಟ್ಟಿಕೊಟ್ಟರು. ಬಾಗಿಲವರೆಗೆ ಬಂದು ಸ್ವಲ್ಪ ತಡೆದು, “ಚಿಂತಾಮಣಿಗೂ ಕೈವಾರಕ್ಕೂ ದೂರ ಇಲ್ಲ ಅಲ್ವೇನಪ್ಪ?” ಎಂದರು.

“ದೂರ ಇಲ್ಲಮ್ಮ.”

“ಹೋದಾಗ ರತ್ನ ಕಂಡ್ರೆ ಇಲ್ಲಿ ಜಾಗ ಇದೆ ಅಂತ ಮಾತ್ರ ಹೇಳು. ಬಾ ಅಂತ ಹೇಳಬೇಡ. ಪಾಪ, ಅವಳ ಕೈಲಿ ಏನಿದೆ?”

ಚಿಂತಾಮಣಿಗೆ ಹೋದ ಮೇಲೆ ಬಂದ ಮೊದಲ ರಜೆಯ ದಿನವೇ ಕೈವಾರದ ಬಸ್ಸು ಹತ್ತಿದೆ. ಮುನಿಶಾಮಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಗಲ ಭುಜದ, ಕಡಿಮೆ ಮಾತಿನ ಮನುಷ್ಯ. ಶಿಡ್ಲಘಟ್ಟದ ಪುರಸಭೆಯಲ್ಲಿ ಇದ್ದವನು ಎಂದೆ. ಕುಳಿತುಕೊಳ್ಳಲು ಹೇಳಿ, “ಮಜ್ಜಿಗೆ ತಾರಮ್ಮ” ಎಂದು ಒಳಗೆ ಕೂಗಿದರು. ಮಜ್ಜಿಗೆ ತಂದವಳು ರತ್ನನೇ ಎಂದು ಹೇಳಬೇಕಾಗಿರಲಿಲ್ಲ. ಅದೇ ಹಣೆ, ಒದ್ದೆ ಕೈಯನ್ನು ಅದೇ ರೀತಿ ಸೆರಗಿಗೆ ಒರೆಸಿಕೊಳ್ಳುವುದು. ಒಬ್ಬಳೇ ಸಿಕ್ಕರೆ ಹೇಳೋಣವೆಂದು ಬಂದವನು ಮಾವನ ಎದುರಿಗೇ ಹೇಳಬೇಕಾಯಿತು.

“ಕಲ್ಲುಬಾವಿ ಬೀದೀಲಿ ಗಾಡಿ ನಿಲ್ಲಿಸೋ ಏರ್ಪಾಟು ಮಾಡಿಸಿದ್ದು ನಾನೇ. ಈಗ ಅಲ್ಲಿ ಬೀಗರ ಗಾಡಿಗೆ ಅಂತಲೇ ಒಂದು ಜಾಗ ಇದೆ. ಅಶ್ವತ್ಥಮ್ಮನೋರ ಮನೆ ಮುಂದೇನೇ.”

ರತ್ನ ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತಳು. ಮುನಿಶಾಮಪ್ಪ ತಲೆಯೆತ್ತದೆ, “ಯಾರು ಬಿಟ್ಟಿರೋದು ಜಾಗ? ಆಯಮ್ಮನಾ?” ಎಂದರು.

“ಪುರಸಭೆ.”

“ಪುರಸಭೆಯೋರು ನಮ್ಮ ಗಾಡಿಗೆ ಜಾಗ ಬಿಟ್ಟವ್ರಾ?”

ಹೌದು ಎನ್ನಬಹುದಿತ್ತು. ಆದರೆ ಆ ಮನುಷ್ಯನ ಎದುರು ಸುಳ್ಳು ಬರಲಿಲ್ಲ. “ಬೀದಿಯ ಎಲ್ಲ ಮನೆ ಬೀಗರಿಗೂ ಬಿಟ್ಟಿರೋದು. ಆದ್ರೆ ಬೇಕು ಅಂತ ಕೇಳಿದ್ದು ಆಯಮ್ಮ ಒಬ್ರೇ” ಎಂದೆ.

ಅವರು ಬಹಳ ಹೊತ್ತು ಬೀಜ ಬಿಡಿಸುತ್ತಲೇ ಇದ್ದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, “ಅವತ್ತು ಗಾಡಿ ತಿರುಗಿಸಿದೆನಲ್ಲ, ಹಂಗೇ ಬಂದುಬಿಡಲಿಲ್ಲ ನಾನು. ಕೆರೆ ಏರಿ ಹತ್ರ ನಿಲ್ಲಿಸ್ದೆ. ಎತ್ತಿಗೆ ನೀರು ಕುಡಿಸ್ದೆ. ಯಾರಾದ್ರೂ ಹಿಂದೆ ಬತ್ತಾರೇನೋ ಅಂತ ನೋಡ್ದೆ. ಒಂದು ನರಪಿಳ್ಳೇನೂ ಬರಲಿಲ್ಲ” ಎಂದರು.

“ಬಂದಿದ್ರು. ಸುದ್ದಿ ತಿಳಿದ ಕೂಡಲೇ ತಿರುವಿನ ತನಕ ಓಡಿ ಬಂದಿದ್ರು. ಆ ಗಾಡಿಗಳ ಮಧ್ಯೆ ನಿಮ್ಮ ಗಾಡಿ ಕಾಣಲಿಲ್ಲ ಅವರಿಗೆ.”

ಅವರ ಕೈ ನಿಂತಿತು. ಬಾಗಿಲ ಕಡೆ ತಿರುಗಿ ನೋಡಿದರು. ರತ್ನ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ನಾನು ಹೊರಟಾಗ ಮುನಿಶಾಮಪ್ಪ ಬಸ್ಸಿನವರೆಗೆ ನನ್ನ ಜೊತೆ ನಡೆದು ಬಂದು, ಬಸ್ಸು ಬಂದ ಮೇಲೆ, “ಸಂತೆ ದಿನಾನೂ ಇರುತ್ತಾ ಆ ಜಾಗ?” ಎಂದು ಒಂದೇ ಒಂದು ಮಾತು ಕೇಳಿದರು. ಇರುತ್ತದೆ ಎಂದೆ.

ಕೆಲವು ತಿಂಗಳ ಮೇಲೆ ಖಾದರ್ ಸಾಬರು ಚಿಂತಾಮಣಿಯಲ್ಲಿದ್ದ ತಮ್ಮ ಮಗಳ ಮನೆಗೆ ಬಂದವರು ನನ್ನನ್ನು ಹುಡುಕಿಕೊಂಡು ಆಫೀಸಿಗೇ ಬಂದರು. ಕುರ್ಚಿಯ ಮೇಲೆ ಕೂರುವ ಮೊದಲೇ ಶುರು ಮಾಡಿದರು.

“ಬಂದ್ರು ಸಾಮಿ! ಬೇಕು ಅಂತಲೇ ಸಂತೆ ದಿನ ಬಂದ್ರು ಆ ದೊಡ್ಡಮನುಷ್ಯರು. ಜಾಗ ಖಾಲಿ ಇತ್ತು. ಗಾಡಿ ನಿಲ್ಲಿಸಿ, ಇಳೀದೆ ಹಂಗೇ ಕೂತವ್ರೆ, ಯಾರು ಕರೀತಾರೆ ನೋಡಣ ಅಂತ. ಅಕ್ಕನಿಗೆ ಚರಕದ ಸದ್ದಲ್ಲಿ ಏನೂ ಕೇಳ್ತಿಲ್ಲ. ಅಯ್ಯೋ ಅಲ್ಲಾ, ಮತ್ತೆ ಅದೇ ಆಗುತ್ತಲ್ಲ ಅಂತ ನಾನು ರಸ್ತೆ ದಾಟಿ ಓಡಿ, ಹಿಂದ್ಗಡೆ ಚಪ್ಪರಕ್ಕೇ ಹೋಗಿ ಕೂಗ್ದೆ, ‘ಗಾಡಿ ಬಂದೈತೆ, ಬಾರಕ್ಕಾ’ ಅಂತ. ಇಷ್ಟು ದಿನ ಎಲ್ಲಾರ ಗಾಡೀಗೂ ಓಡಿ ಓಡಿ ಸಾಕಾಗಿತ್ತೋ ಏನೋ, ಅವತ್ತು ನಿಧಾನಕ್ಕೆ ಬಂದ್ಲು. ತಲೆ ಕೂಡ ಎತ್ತಲಿಲ್ಲ. ‘ಯಾರ ಮನೆಗಪ್ಪಾ?’ ಅಂದ್ಲು.”

ಖಾದರ್ ಸಾಬರು ಅಲ್ಲಿಗೆ ನಿಲ್ಲಿಸಿ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಗಾಡಿ ಒಳಗಿಂದ ಆ ಹುಡುಗಿ, ‘ನಮ್ಮ ಮನೆಗೇ ಕಣಮ್ಮಾ’ ಅಂತು.”

ಮುಂದಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿತ್ತು. ಬರುವ ಗೌರಿ ಹಬ್ಬಕ್ಕೆ ಹೋಗಿ ಕಣ್ಣಾರೆ ನೋಡಿ ಬರಬೇಕೆಂದುಕೊಂಡೆ. ಆ ಹಬ್ಬದ ಹೊತ್ತಿಗೆ ನೀರಿನ ಕೊಳವೆ ಹಾಕುವ ಕೆಲಸ ಬಿಡುವು ಕೊಡಲಿಲ್ಲ. ಅದರ ಮುಂದಿನ ಹಬ್ಬಕ್ಕೆ ನಾನು ಗೌರಿಬಿದನೂರಿನಲ್ಲಿದ್ದೆ. ಕೊನೆಗೆ ಹೋದಾಗ ಬೀದಿ ಬದಲಾಗಿತ್ತು. ಗುಂಡುಕಲ್ಲುಗಳನ್ನು ಕಿತ್ತು ಟಾರು ಹಾಕಿದ್ದರು. ಗೂಡು ಲಾರಿಯಲ್ಲಿ ಬರುತ್ತಿತ್ತು. ಬಿಲ್ಲೆ ಎಂದರೆ ಏನೆಂದು ಕೇಳುವ ಪೀಳಿಗೆ ಬಂದಿತ್ತು. ಖಾದರ್ ಸಾಬರು ತೀರಿಕೊಂಡಿದ್ದರು. ಅಶ್ವತ್ಥಮ್ಮ ಮಗಳ ಬಾಣಂತನಕ್ಕೆಂದು ಕೈವಾರಕ್ಕೆ ಹೋದವರು, ಬೀಗರೇ ಒತ್ತಾಯ ಮಾಡಿದ್ದರಿಂದ ಅಲ್ಲಿಯೇ ಉಳಿದರೆಂದು ಯಾರೋ ಹೇಳಿದರು. ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಬಸ್ಸಿಗೆ ವಾಪಸಾದೆ.

ಹೊಸಬರಿಗೆ ಹೇಳುವುದು ಇಷ್ಟೇ. ಕೆಲಸ ಮುಗಿಸಿದ ಜಾಗಕ್ಕೆ ಕೆಲಸವಿಲ್ಲದಾಗ ಒಮ್ಮೆ ಹೋಗಿ ಬನ್ನಿ, ತಡಮಾಡದೆ ಹೋಗಿ. ಕೈವಾರದ ಆ ಗಾಡಿ ಬಂದು ನಿಂತದ್ದನ್ನು, ರತ್ನ ಇಳಿದದ್ದನ್ನು ನಾನು ನೋಡಿದವನಲ್ಲ. ಆದರೆ ಖಾದರ್ ಸಾಬರು ಹೇಳಿದ್ದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಅವತ್ತು ನೀವು ಅಲ್ಲಿದ್ದಿರಾ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನಲು ನನಗೆ ಈಗಲೂ ತಕ್ಷಣ ನಾಲಿಗೆ ಹೊರಳುವುದಿಲ್ಲ.